ಸಸ್ಯಹೇನುಗಳ ಜೈವಿಕ ನಿಯಂತ್ರಣದಲ್ಲಿ ಆಶ್ರಯಸಸ್ಯದ ಸ್ಥಾನ: ಒಂದು ವಿಮರ್ಶೆ

ಸಸ್ಯಹೇನುಗಳ ಜೈವಿಕ ನಿಯಂತ್ರಣವನ್ನು ಕುರಿತ ಲೇಖನಗಳಲ್ಲಿ ಒಂದು ರೂಢಿ ಬೇರೂರಿದೆ. ಹೇನಿನ ಹೆಸರು ಒಂದು ಕಡೆ. ಅದರ ಒಡಲಿನಲ್ಲಿ ಮೊಟ್ಟೆಯಿಡುವ ಪರೋಪಜೀವಿ ಕಣಜದ ಹೆಸರು ಇನ್ನೊಂದು ಕಡೆ. ನಡುವೆ ನೂರಕ್ಕೆ ಇಷ್ಟು ಹೇನುಗಳು ಬಲಿಯಾದುವೆಂಬ ಅಂಕಿ. ಹೇನು ಯಾವ ಗಿಡದ ರಸವನ್ನು ಹೀರುತ್ತಿದ್ದಿತೆಂಬುದು ಬಹುಮಟ್ಟಿಗೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಇಂಥ ಅಂಕಿಯನ್ನೇ ನೆಚ್ಚಿ ಕಣಜವನ್ನು ಬೇರೊಂದು ಬೆಳೆಗೆ ಬಿಟ್ಟವರಿಗೆ ನಿರಾಶೆ ಕಾದಿದ್ದೀತೆಂದು ನಮ್ಮ ಅಭಿಪ್ರಾಯ.

ಡಯರೆಟಿಯೆಲ್ಲಾ ರೇಪೇ ಎಂಬ ಕಣಜವನ್ನು ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಸಾಸಿವೆಯ ಹೇನಿಗೆ ಶತ್ರುವಾದುದು ಇದೇ. ಇದು ಮೊದಲು ಅರಸುವುದು ಹೇನನ್ನಲ್ಲ, ಗಿಡವನ್ನು. ಸಾಸಿವೆಯ ಘಾಟಿಗೆ ಕಾರಣವಾದ ಎಣ್ಣೆಯ ವಾಸನೆ ಇದನ್ನು ಸೆಳೆಯುತ್ತದೆಂದು ಅಮೆರಿಕದಲ್ಲಿ ನಡೆದು 1970ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಒಂದೇ ಜಾತಿಯ ಹೇನು ಕೋಸಿನ ಕುಲದ ಗಿಡದ ಮೇಲಿದ್ದಾಗ ಕಣಜಕ್ಕೆ ಸಿಕ್ಕಿತು. ಬೀಟ್‌ರೂಟಿನ ಮೇಲಿದ್ದಾಗ ಬಹುಮಟ್ಟಿಗೆ ಪಾರಾಯಿತು. ಹಾಗಾದರೆ ಈ ಕಣಜದ ಸಾಮರ್ಥ್ಯವೆಷ್ಟು? ಗಿಡದ ಹೆಸರನ್ನು ಹೇಳದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ.

ಶೇಕಡಾ ಅಂಕಿ ಮರೆಮಾಡುವ ಮತ್ತೊಂದು ಸಂಗತಿಯುಂಟು. ಪೋಷಣೆ ಸಾಲದ ಗಿಡದ ಮೇಲೆ ಹೇನು ಸಣ್ಣದಾಗುತ್ತದೆ. ಅದರಿಂದ ಹೊರಬರುವ ಕಣಜವೂ ಸಣ್ಣದು, ಅದರ ಮೊಟ್ಟೆಗಳೂ ಕಡಮೆ. ಅದೂ ಅಲ್ಲದೆ, ಅನೇಕ ಕಣಜಗಳು ಸಣ್ಣ ಹೇನಿನಲ್ಲಿ ಗಂಡಾಗಿ ಬೆಳೆಯುವ ಮೊಟ್ಟೆಗಳನ್ನೇ ಹೆಚ್ಚಾಗಿ ಇಡುತ್ತವೆ. ಸತ್ತ ಹೇನುಗಳ ಲೆಕ್ಕ ಸಮವಾಗಿಯೇ ಇದ್ದರೂ ಮುಂದಿನ ತಲೆಮಾರಿನಲ್ಲಿ ಬೇಟೆಗೆ ಹೊರಡುವ ಹೆಣ್ಣುಗಳು ವಿರಳವಾಗುತ್ತವೆ.

ನಿರೋಧಕ ತಳಿಯೂ ಕಣಜವೂ ಒಂದಕ್ಕೊಂದು ನೆರವಾಗುತ್ತವೆಂಬ ಮಾತನ್ನು ವಿದ್ಯಾರ್ಥಿಗಳು ಸೂತ್ರದಂತೆ ಒಪ್ಪಿಸುವುದುಂಟು. ಬಾರ್ಲಿ ಮತ್ತು ಜೋಳದ ಹಸುರು ಹೇನಿನ ಮೇಲೆ 1972ರಲ್ಲಿ ಪ್ರಕಟವಾದ ಅಧ್ಯಯನ ಈ ಮಾತನ್ನು ಸಮರ್ಥಿಸಿತು, ನಿಜ. ಗೋದಿಯ ರಷ್ಯನ್ ಹೇನಿನ ವಿಷಯದಲ್ಲಿಯೂ ಕಾರಣ ಸ್ಪಷ್ಟ: ಸೋಲುವ ತಳಿಯ ಎಲೆ ಸುರುಳಿಯಾಗಿ ಹೇನಿಗೆ ಕೋಟೆಯಾಗುತ್ತದೆ, ನಿರೋಧಕ ತಳಿಗಳು ಹಲವುದರಲ್ಲಿ ಎಲೆ ಅಷ್ಟಾಗಿ ಸುರುಳುವುದಿಲ್ಲ. ಆದರೆ ಸೊಲಾನಮ್ ಬರ್ತಾಲ್ಟಿ ಎಂಬ ಕಾಡು ಆಲೂಗೆಡ್ಡೆಯ ಅಂಟುರೋಮಗಳು ಹೇನನ್ನು ಹಿಡಿಯುವಂತೆಯೇ ಅದರ ಶತ್ರುವನ್ನೂ ಹಿಡಿಯಬಲ್ಲವು. ಎಲೆಯ ರೋಮಕ್ಕೆ ಮಿತ್ರಶತ್ರು ವಿವೇಚನೆ ಎಲ್ಲಿಯದು!

ಆದಕಾರಣ ಅಂಕಿಯೊಡನೆ ಗಿಡದ ತಳಿ, ವಯಸ್ಸು, ಗೊಬ್ಬರಗಳ ವಿವರವನ್ನು ಕೊಡಬೇಕೆಂದು ನಾವು ಕೇಳುತ್ತೇವೆ. ಪ್ರಯೋಗಾಲಯದಲ್ಲಿ ಕಣಜವನ್ನು ಯಾವ ಗಿಡದ ಹೇನಿನಲ್ಲಿ ಸಾಕಿತೆಂಬುದೂ ಬೇಕು. ಸತ್ತ ಹೇನಿನ ಒಣಚರ್ಮವನ್ನು ಕೊರೆದು ಹೊರಬರುವಾಗಲೇ ಕಣಜ ಆ ಗಿಡದ ಗುರುತನ್ನು ಕಲಿತಿರಬಹುದು. ಹೊಲದಲ್ಲಿ ಅದು ಹುಡುಕುವುದು ಆ ಗಿಡವನ್ನೇ.