ನಾರ್ಮನ್ನರಿಗಿಂತ ಹಳೆಯದಾದ ಅಂತ್ಯಪ್ರಾಸ

1066ರಲ್ಲಿ ಫ್ರೆಂಚ್ ನುಡಿಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚರಿಂದಲೇ ಇಂಗ್ಲಿಷ್ ಕಾವ್ಯ ಅಂತ್ಯಪ್ರಾಸವನ್ನು ಕಲಿಯಿತು ಎಂಬ ಮಾತನ್ನು ನಾವು ಪಠ್ಯಗಳಲ್ಲಿ ಓದುತ್ತ ಬಂದಿದ್ದೇವೆ. ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿರುವ 87 ಸಾಲಿನ ಒಂದು ಕವಿತೆ ಇದನ್ನು ಸುಳ್ಳು ಮಾಡುತ್ತದೆ. ಬರೆದವನ ಹೆಸರು ತಿಳಿಯದು. ವಿದ್ವಾಂಸರು ಅದನ್ನು ‘ರೈಮಿಂಗ್ ಪೊಯೆಮ್’ ಎಂದು ಕರೆದಿದ್ದಾರೆ.

ಪ್ರಾಚೀನ ಇಂಗ್ಲಿಷ್ ಪದ್ಯದ ಸಾಲು ಎರಡು ತುಂಡುಗಳದ್ದು. ಒತ್ತು ಬೀಳುವ ಅಕ್ಷರಗಳ ಆದಿಧ್ವನಿ ಹೊಂದಿಕೊಂಡು ಆ ತುಂಡುಗಳನ್ನು ಬೆಸೆಯುತ್ತದೆ. ‘ಬೇವುಲ್ಫ್’ ಮಹಾಕಾವ್ಯದ 3182 ಸಾಲುಗಳು ನಡೆಯುವುದು ಈ ಕಟ್ಟಿನಲ್ಲೇ. ನಮ್ಮ ಅನಾಮಿಕ ಕವಿ ಈ ಕಟ್ಟನ್ನು ಬಿಡದೆ, ಎರಡು ತುಂಡುಗಳ ಕೊನೆಗೂ ಪ್ರಾಸ ಕೂಡಿಸಿದ. ಮಠಗಳಲ್ಲಿ ದಿನವೂ ಹಾಡುತ್ತಿದ್ದ ಲ್ಯಾಟಿನ್ ಸ್ತೋತ್ರಗಳು ಅವನ ಕಿವಿಯನ್ನು ಹದಗೊಳಿಸಿರಬೇಕು. ಪ್ರಾಚೀನ ಇಂಗ್ಲಿಷಿನ ಇನ್ನೊಬ್ಬ ಕವಿ ಕಿನೆವುಲ್ಫ್ ಕೂಡ ‘ಎಲೆನೆ’ ಕಾವ್ಯದ ಕೊನೆಯಲ್ಲಿ, ತನ್ನ ಬಗ್ಗೆ ಹೇಳಿಕೊಳ್ಳುವಾಗ, ಅಂತ್ಯಪ್ರಾಸಕ್ಕೆ ಹೊರಳುತ್ತಾನೆ.

ಕವಿತೆಯ ವಸ್ತು ಸರಳ: ಸಿರಿಯಲ್ಲಿ ಬಾಳಿದ ಒಡೆಯನೊಬ್ಬ ಎಲ್ಲವನ್ನೂ ಕಳೆದುಕೊಂಡು, ಮಣ್ಣಲ್ಲಿ ಹುಳುವಿನ ಪಾಲಾಗುವ ದೇಹವನ್ನು ನೆನೆದು, ದೇವರ ಕಡೆ ಮುಖ ಮಾಡುತ್ತಾನೆ. ಮೊದಲ ಭಾಗದಲ್ಲಿ ಒಂದೇ ಪ್ರಾಸ ಸಾಲು ಸಾಲಾಗಿ ಬಂದು, ಆ ಸಮೃದ್ಧಿ ಕಿವಿಗೇ ತುಂಬುತ್ತದೆ. ಕೇಡಿನ ಭಾಗದಲ್ಲಿ ಎರಡು ಮೂರೇ ಪದದ ತುಂಡುಗಳು, ಒಳಗೂ ಪ್ರಾಸ, ಕೊನೆಗೂ ಪ್ರಾಸ. ಲೋಕ ಕುಸಿಯುವ ಸದ್ದು ಅಲ್ಲಿ ನಿಜವಾಗಿ ಕೇಳಿಸುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಆದಿಗೂ ಅಂತ್ಯಕ್ಕೂ ಧ್ವನಿ ಹೊಂದಿಸಲು ಹೊರಟು ಕವಿ ಅಪರೂಪದ ಪದಗಳನ್ನು ಎಳೆದು ತರುತ್ತಾನೆ. ಹಲವು ಸಾಲುಗಳ ಅರ್ಥದ ಬಗ್ಗೆ ಸಂಪಾದಕರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಾದದಲ್ಲಿ ಗೆದ್ದ ಕವಿತೆ ಅರ್ಥದಲ್ಲಿ ತೊಡರುತ್ತದೆ.

ಈ ತೊಡರನ್ನು ನೋಡಿದರೆ ಮುಂದಿನ ಚರಿತ್ರೆ ಸ್ಪಷ್ಟವಾಗುತ್ತದೆ. ಇಂಗ್ಲೆಂಡನ್ನು ಗೆದ್ದು 1087ರಲ್ಲಿ ತೀರಿಕೊಂಡ ನಾರ್ಮನ್ ದೊರೆ ವಿಲಿಯಂನ ಬಗ್ಗೆ ಪೀಟರ್‌ಬರೋ ವೃತ್ತಾಂತದಲ್ಲಿರುವ ಪದ್ಯದಲ್ಲಿ ಹಳೆಯ ಕಟ್ಟು ಸಡಿಲಗೊಂಡು ಪ್ರಾಸ ಮುಂದೆ ಬಂದಿದೆ. ಸುಮಾರು 1200ರ ಲಾಯಮನ್‌ನ ‘ಬ್ರೂಟ್’ನಲ್ಲಿ ಎರಡೂ ಪದ್ಧತಿಗಳು ಬೆರೆತಿವೆ. ‘ಗೂಬೆ ಮತ್ತು ನೈಟಿಂಗೇಲ್’ ಕಾವ್ಯ ಆದಿಧ್ವನಿಯ ಕಡ್ಡಾಯವನ್ನೇ ಕೈಬಿಟ್ಟು, ಫ್ರೆಂಚ್ ಮಾದರಿಯ ದ್ವಿಪದಿಗಳಲ್ಲಿ ಇಬ್ಬರು ಜಗಳಗಂಟರ ವಾದವನ್ನು ಮಾತಿನಷ್ಟೇ ಸಲೀಸಾಗಿ ನಡೆಸುತ್ತದೆ.

ಆದ್ದರಿಂದ ಫ್ರೆಂಚರ ಋಣ ಇರುವುದು ಪ್ರಾಸದಲ್ಲಲ್ಲ, ಪ್ರಾಸವೊಂದೇ ಸಾಲನ್ನು ಹೊರಬಲ್ಲದು ಎಂಬ ಧೈರ್ಯದಲ್ಲಿ. ಎಕ್ಸೆಟರ್‌ನ ಕವಿಗೆ ಆ ಧೈರ್ಯವಿರಲಿಲ್ಲ. ಆದರೂ ಇಂಗ್ಲಿಷ್ ನುಡಿಯಲ್ಲಿ ಅಂತ್ಯಪ್ರಾಸ ದುಃಖವನ್ನು ಹೇಳಬಲ್ಲದೆಂದು ಒಂದು ಇಡೀ ಕವಿತೆಯಲ್ಲಿ ತೋರಿಸಿಕೊಟ್ಟವನು ಅವನೇ. ಅವನನ್ನು ವಿಚಿತ್ರ ಕಸರತ್ತುಗಾರನೆಂದು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.