ಗುಂಜಿಯನ್ನು ದಾಟಿಹೋದ ಕೈಲಾಸ ಕಥನಗಳು

ಕೈಲಾಸ ಮಾನಸಸರೋವರಕ್ಕೆ ಹೋಗಿಬಂದವರು ಬರೆದ ಪುಸ್ತಕಗಳು ಕನ್ನಡದಲ್ಲಿ ಒಂದೆರಡಲ್ಲ. ಹೆಚ್ಚಿನವು ಬರೆದವರೇ ಅಚ್ಚುಹಾಕಿಸಿ ನೆಂಟರಿಷ್ಟರಿಗೆ ಹಂಚಿದಂಥವು. ವಿಮರ್ಶಕರು ಇವುಗಳ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಪ್ರವಾಸ ಸಾಹಿತ್ಯದ ಮಾತು ಬಂದಾಗ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಪೂರ್ವ ಪಶ್ಚಿಮ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಗಡಿಯ ಕನ್ನಡ ಮನೆಗಳಲ್ಲಿ ಕಾದಂಬರಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹೋಗುವುದು ಇಂಥ ಪುಸ್ತಕಗಳೇ. ಹಾಲಹರವಿಯಂಥ ಊರಿಗೆ ಕನ್ನಡ ಪುಸ್ತಕ ಬರುವುದು ಬಳ್ಳಾರಿ, ಸಿರುಗುಪ್ಪದ ನೆಂಟರ ಕೈಚೀಲದಲ್ಲಿ. ಆ ಚೀಲದಲ್ಲಿ ಪಂಚಾಂಗ ಇರುತ್ತದೆ, ಮದುವೆಯ ಕರೆಯೋಲೆ ಇರುತ್ತದೆ, ಒಮ್ಮೊಮ್ಮೆ ಒಂದು ಕೈಲಾಸಯಾತ್ರೆಯೂ ಇರುತ್ತದೆ. ಹಾಗೆ ಬಂದವನ್ನು ಓದುತ್ತ ಓದುತ್ತ ನನಗೊಂದು ತಕರಾರು ಹುಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಪುಸ್ತಕಗಳ ಮಾದರಿಯನ್ನು ನೋಡಬೇಕು. ಒಂದನ್ನು ಓದಿದರೆ ಉಳಿದವುಗಳ ಅಧ್ಯಾಯಗಳನ್ನು ಓದುಗರೇ ಹೇಳಿಬಿಡಬಹುದು. ಅರ್ಜಿ ಹಾಕಿದ್ದು, ಚೀಟಿಯಲ್ಲಿ ಹೆಸರು ಬಂದದ್ದು, ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ, ತಂಡದವರ ಪರಿಚಯ, ಒಂದೊಂದು ಶಿಬಿರದ ಎತ್ತರ ಇಷ್ಟಿಷ್ಟು ಅಡಿ, ಲಿಪುಲೇಖ ಕಣಿವೆಯ ಚಳಿ, ಮಾನಸದಲ್ಲಿ ಸ್ನಾನ, ಡೋಲ್ಮಾ ಕಣಿವೆಯಲ್ಲಿ ಏದುಸಿರು, ಧನ್ಯತೆ. ಇದಕ್ಕೆ ಲೇಖಕರನ್ನೇ ದೂರುವುದು ತರವಲ್ಲ. 1962ರ ಯುದ್ಧದ ನಂತರ ನಿಂತಿದ್ದ ಯಾತ್ರೆಗೆ 1981ರಲ್ಲಿ ಭಾರತ ಮತ್ತು ಚೀನಾ ಸರ್ಕಾರಗಳು ಒಪ್ಪಿ ದಾರಿ ಬಿಟ್ಟವು. ವಿದೇಶಾಂಗ ಸಚಿವಾಲಯ ಆರಿಸಿದ ತಂಡ, ತಂಡಕ್ಕೊಬ್ಬ ಸಂಪರ್ಕಾಧಿಕಾರಿ, ಭಾರತದ ಬದಿಯಲ್ಲಿ ಊಟ ವಸತಿಗೆ ಕುಮಾವ್ ಮಂಡಲ ವಿಕಾಸ ನಿಗಮ, ಗಡಿಯಾಚೆ ಚೀನಾ ಸರ್ಕಾರ ಕೊಟ್ಟ ಮಾರ್ಗದರ್ಶಿ. ಯಾತ್ರೆಯೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವಾಗ ಪುಸ್ತಕ ಬೇರೆಯಾಗಿರುವುದು ಹೇಗೆ? ಇವೆಲ್ಲ ಒಬ್ಬರು ಬರೆದರೂ ತಂಡದ ಪುಸ್ತಕಗಳು. ಅವುಗಳಲ್ಲಿ ‘ನಾನು’ ಎನ್ನುವುದು ಮಾನಸದ ನೀರಿಗೆ ಇಳಿಯುವಾಗ ಒಮ್ಮೆ ಬರುತ್ತದೆ. ಮಿಕ್ಕಂತೆ ‘ನಾವು’.

ಈ ‘ನಾವು’ ಯಾರನ್ನು ಹೊರಗಿಡುತ್ತದೆ ಎಂಬುದೇ ನನ್ನ ಪ್ರಶ್ನೆ.

ಲಿಪುಲೇಖದ ಹಾದಿಯಲ್ಲಿ ಬೂದಿ, ಗರ್ಬ್ಯಾಂಗ್, ಗುಂಜಿ ಎಂಬ ಹಳ್ಳಿಗಳಿವೆ. ಸ್ವಲ್ಪ ಪಕ್ಕಕ್ಕೆ ನಾಬಿ, ಕುಟಿ. ಇದು ಬ್ಯಾನ್ಸ್ ಕಣಿವೆ. ಇಲ್ಲಿನವರು ತಮ್ಮನ್ನು ರಂಗ್ ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರು ಭೋಟಿಯಾ, ಶೌಕಾ ಎನ್ನುತ್ತಾರೆ. ಅವರ ಮಾತು ಹಿಂದಿಯೂ ಅಲ್ಲ, ಕುಮಾವೂನಿಯೂ ಅಲ್ಲ. ಟಿಬೆಟಿನ ದೂರದ ಬಂಧು. ಅದಕ್ಕೆ ಸ್ವಂತ ಲಿಪಿಯಿಲ್ಲ. ತಲೆಮಾರುಗಳಿಂದ ಇವರು ಬೆಲ್ಲ, ಧಾನ್ಯ, ಬಟ್ಟೆಯನ್ನು ಲಿಪುಲೇಖ ದಾಟಿಸಿ ತಕ್ಲಾಕೋಟಿಗೆ ಒಯ್ದು, ಉಪ್ಪು ಉಣ್ಣೆ ತರುತ್ತಿದ್ದರು. 1816ರ ಸುಗೌಲಿ ಒಪ್ಪಂದ ಕಾಳೀ ನದಿಯನ್ನು ಗಡಿ ಮಾಡಿದಾಗ ಒಂದೇ ಜನ ಎರಡು ದೇಶಕ್ಕೆ ಸೇರಿದರು. ನದಿಯಾಚೆ ನೇಪಾಳದ ಛಾಂಗ್ರು, ತಿಂಕರ್ ಹಳ್ಳಿಗಳಲ್ಲಿರುವವರೂ ಇವರ ನೆಂಟರೇ. ಆದರೂ ವ್ಯಾಪಾರ ನಿಲ್ಲಲಿಲ್ಲ. ಅದು ನಿಂತದ್ದು 1962ರಲ್ಲಿ. ಮೂವತ್ತು ವರ್ಷದ ಮೇಲೆ, 1992ರಲ್ಲಿ, ಮತ್ತೆ ತೆರೆಯಿತು; 2020ರಲ್ಲಿ ಪುನಃ ಮುಚ್ಚಿತು.

ಇಷ್ಟು ದೊಡ್ಡ ಕಥೆ ಯಾತ್ರಿಕರ ಕಾಲಡಿಯಲ್ಲೇ ಇದೆ. ನಾನು ಓದಿದ ಕನ್ನಡ ಪುಸ್ತಕಗಳಲ್ಲಿ ಗುಂಜಿ ಎಂದರೆ ಎತ್ತರಕ್ಕೆ ಮೈ ಹೊಂದಿಸಿಕೊಳ್ಳಲು ತಂಗಿ, ಮತ್ತೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವ ಜಾಗ. ಯಾರ ಒತ್ತಡ ಎಷ್ಟಿತ್ತು ಎಂದು ಪುಟಗಟ್ಟಲೆ ಬರೆದವರಿಗೆ ಆ ಊರಿನವರು ಯಾವ ಭಾಷೆ ಆಡುತ್ತಾರೆ ಎಂದು ಬರೆಯಲು ಒಂದು ಸಾಲು ಸಿಕ್ಕಿಲ್ಲ. ಹೆಚ್ಚೆಂದರೆ ‘ಮುಗ್ಧ ಗಿರಿಜನರು’. ವ್ಯಾಪಾರದಲ್ಲಿ ಮೂರು ರಾಜ್ಯಗಳ ನಾಣ್ಯ ಎಣಿಸಿದ ಮನೆತನಗಳವರನ್ನು ಮುಗ್ಧರು ಎನ್ನುವುದು ನೋಡಿದರೆ ಮುಗ್ಧರು ಯಾರೆಂದು ಸಂಶಯ ಬರುತ್ತದೆ.

ಬೆಂಗಳೂರಿನ ಓದುಗರಿಗೆ ಇದು ಕೊರತೆ ಎನ್ನಿಸದಿರಬಹುದು. ಹಾಲಹರವಿಯಲ್ಲಿ ಕುಳಿತು ಓದುವವನಿಗೆ ಹಾಗೆ ಬಿಡಲಾಗುವುದಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಸೀಳಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಆಲೂರಿನ ಜೊತೆಗೆ ನಾವೂ ಹೋದೆವು. ಹೆಣ್ಣು ತಂದದ್ದು, ಕೊಟ್ಟದ್ದು, ದನದ ಸಂತೆ, ಮನೆದೇವರು ಎಲ್ಲ ಗೆರೆಯ ಆಚೆ ಉಳಿಯಿತು. ಕಾಸರಗೋಡಿನವರಿಗೆ ಇದೇ ಅನುಭವ ಮೂರು ವರ್ಷ ತಡವಾಗಿ, 1956ರ ನವೆಂಬರ್ 1ರಂದು ಬಂತು. ನಾವು ಗೆರೆ ದಾಟಿದವರಲ್ಲ. ಗೆರೆಯೇ ನಮ್ಮನ್ನು ದಾಟಿತು. ಗರ್ಬ್ಯಾಂಗಿನವರದೂ ಅದೇ ಪಾಡು. ಹೀಗಿರುವಾಗ ಗಡಿನಾಡಿನಿಂದ ಹೋದ ಕನ್ನಡಿಗರೂ ತಂಡದ ‘ನಾವು’ ಒಳಗೆ ಸೇರಿಕೊಂಡು ಆ ಜನರನ್ನು ಗುರುತು ಹಿಡಿಯದೆ ಬರುತ್ತಾರಲ್ಲ, ಅದು ನನ್ನನ್ನು ಕಾಡುತ್ತದೆ.

ಇನ್ನೊಂದು ಮಾತು. ರಂಗ್ ಜನ ಬೇಸಿಗೆಯಲ್ಲಿ ಮೇಲಿನ ಹಳ್ಳಿಗಳಲ್ಲಿದ್ದು ಚಳಿಗಾಲಕ್ಕೆ ಮನೆಗೆ ಬೀಗ ಹಾಕಿ ಧಾರ್ಚುಲಾದ ಕಡೆ ಇಳಿಯುತ್ತಾರೆ. ನಮ್ಮ ಕರ್ನೂಲು ಜಿಲ್ಲೆಯ ಪಡುವಣ ಮಂಡಲಗಳಿಂದಲೂ ಮಳೆ ಕೈಕೊಟ್ಟ ವರ್ಷ ಮಕ್ಕಳುಮರಿ ಸಮೇತ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಓಣಿಗೆ ಓಣಿಯೇ ಬೀಗ. ಆ ದಿನಗಳಲ್ಲಿ ಯಾವನಾದರೂ ಯಾತ್ರಿಕ ನಮ್ಮೂರು ಹಾದುಹೋದರೆ ‘ನಿರ್ಜನ ಗ್ರಾಮ, ಅಪಾರ ಶಾಂತಿ’ ಎಂದು ಬರೆದುಕೊಳ್ಳುತ್ತಾನೆ. ಬೀಗ ಹಾಕಿದ ಮನೆಯ ಚೆಲುವನ್ನು ಬಣ್ಣಿಸುವ ಸಾಲುಗಳನ್ನು ಓದುವಾಗಲೆಲ್ಲ ಆ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಕೇಳಬೇಕೆನ್ನಿಸುತ್ತದೆ.

ಗೊಂಪಾಗಳ, ಅಂದರೆ ಬೌದ್ಧ ವಿಹಾರಗಳ ವಿಷಯಕ್ಕೆ ಬಂದರೆ ಕೊರತೆ ಇನ್ನೂ ಹೆಚ್ಚು. ಕೈಲಾಸದ ಸುತ್ತ 5, ಮಾನಸದ ಸುತ್ತ 8, ಒಟ್ಟು 13 ಗೊಂಪಾಗಳು ಹಿಂದೆ ಇದ್ದವು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವು ನೆಲಸಮವಾದವು. ತಕ್ಲಾಕೋಟಿನ ಗುಡ್ಡದ ಮೇಲಿದ್ದ ದೊಡ್ಡ ಸಿಂಬಿಲಿಂಗ್ ಮಠ ಹಾಳುಬಿತ್ತು. 1980ರ ದಶಕದಿಂದೀಚೆಗೆ ಕೆಲವನ್ನು ಪುನಃ ಕಟ್ಟಿದ್ದಾರೆ. ನಮ್ಮ ಯಾತ್ರಿಕರು ಡಿರಾಪುಕ್, ಜುಟುಲ್‌ಪುಕ್‌ಗಳಲ್ಲಿ ರಾತ್ರಿ ತಂಗಿದವರು. ಆ ಹೆಸರುಗಳು ಗೊಂಪಾಗಳ ಹೆಸರುಗಳು. ಪುಸ್ತಕಗಳಲ್ಲಿ ಅವು ಶಿಬಿರದ ಹೆಸರುಗಳಾಗಿವೆ.

ಜುಟುಲ್‌ಪುಕ್ ಮಿಲರೇಪನ ಗುಹೆ. ಮಿಲರೇಪನಿಗೂ ಬೋನ್ ಮತದ ನಾರೋ ಬೊನ್‌ಚುಂಗನಿಗೂ ಈ ಪರ್ವತ ಯಾರದು ಎಂದು ಸಿದ್ಧಿಗಳ ಪಂದ್ಯ ನಡೆಯಿತೆಂದು ಟಿಬೆಟಿನವರು ಹೇಳುತ್ತಾರೆ. ಬೊನ್‌ಚುಂಗ ತಮಟೆಯನ್ನೇರಿ ಹಾರಿದನಂತೆ. ಮಿಲರೇಪ ಮುಂಜಾನೆಯ ಮೊದಲ ಕಿರಣ ಹಿಡಿದು ಅವನಿಗಿಂತ ಮುಂಚೆ ಶಿಖರ ಮುಟ್ಟಿದನಂತೆ. ಸೋತವನಿಗೂ ಪಕ್ಕದಲ್ಲೊಂದು ಬೆಟ್ಟ ಸಿಕ್ಕಿತು. ಇವತ್ತಿಗೂ ಬೌದ್ಧರು ಬಲಸುತ್ತು ಬಂದರೆ ಬೋನ್ ಮತದವರು ಎಡಸುತ್ತು ಬರುತ್ತಾರೆ. ಒಂದೇ ದಾರಿಯಲ್ಲಿ ಎದುರುಬದುರಾಗಿ ನಡೆಯುತ್ತಾರೆ. ಅಲ್ಲಮ ಮತ್ತು ಗೋರಕ್ಷರ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದು ನೆನಪನ್ನು ಕೆದಕಬೇಡವೇ? ಗೋರಕ್ಷನ ಮೈಗೆ ಕತ್ತಿ ಹೊಡೆದರೆ ಖಣಿಲೆಂದದ್ದು, ಅಲ್ಲಮನ ಮೈಯಲ್ಲಿ ಅದು ಬಯಲಲ್ಲಿ ಬೀಸಿದಂತೆ ಸುಳಿದುಹೋದದ್ದು. ಮಿಲರೇಪ ಅಲ್ಲಮನಿಗೆ ಹತ್ತಿರದ ಕಾಲದವನು. ಸಿದ್ಧರ ಸ್ಪರ್ಧೆಯ ಈ ಕಥೆ ಹಿಮಾಲಯದಿಂದ ಕಲ್ಯಾಣದವರೆಗೆ ಹೇಗೆ ಹರಡಿತೆಂದು ಯೋಚಿಸಲು ಜುಟುಲ್‌ಪುಕ್‌ಗಿಂತ ಒಳ್ಳೆಯ ಜಾಗವಿಲ್ಲ. ಆದರೆ ‘ಶಿವನ ಮನೆ’ ಎಂದು ಮೊದಲೇ ತೀರ್ಮಾನಿಸಿ ಹೋದವರಿಗೆ ಆ ಮನೆಯಲ್ಲಿ ಬೇರೆಯವರೂ ವಾಸವಾಗಿರುವುದು ಕಾಣುವುದಿಲ್ಲ. ಶಿವನ ಮನೆ ಅಲ್ಲವೆಂದು ನಾನು ಹೇಳುತ್ತಿಲ್ಲ. ಬೆಟ್ಟ ಎಲ್ಲರಿಗೂ ಸಾಲುವಷ್ಟು ದೊಡ್ಡದಿದೆ.

ಇಲ್ಲಿ ಮಲೆಯಾಳದ ಮಾತು ಬರಲೇಬೇಕು. ಪಾಲಕ್ಕಾಡಿನ ಕಡೆಯ ತಪೋವನ ಸ್ವಾಮಿಗಳು (1889-1957) ಬರೆದ ‘ಹಿಮಗಿರಿವಿಹಾರಂ’ ಮತ್ತು ‘ಕೈಲಾಸಯಾತ್ರ’, ಚಿತ್ರಕಾರ ರಾಜನ್ ಕಾಕ್ಕನಾಡನ್ ಅವರ ‘ಹಿಮವಾನ್ಟೆ ಮುಗಳ್‌ತ್ತಟ್ಟಿಲ್’, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಪಿ. ವೀರೇಂದ್ರಕುಮಾರರ ‘ಹೈಮವತಭೂವಿಲ್’ – ಹಿಮಾಲಯದ ಬರವಣಿಗೆಗೆ ಅಲ್ಲೊಂದು ಪರಂಪರೆಯೇ ಇದೆ. ಮಲೆಯಾಳಿಗಳು ನಮಗಿಂತ ಚೆನ್ನಾಗಿ ನೋಡುತ್ತಾರೆ ಎಂದು ಹೇಳಲು ಈ ಪಟ್ಟಿ ಕೊಟ್ಟಿಲ್ಲ. ಅವರಲ್ಲೂ ತಂಡದ ಪುಸ್ತಕಗಳಿಗೆ ಬರವಿರಲಾರದು. ತಪೋವನರಂಥವರ ಸ್ಥಿತಿಯೇ ಬೇರೆ ಎಂಬುದನ್ನು ಗಮನಿಸಬೇಕು. ಸಂನ್ಯಾಸಿ ಭಿಕ್ಷೆಯಿಂದ ಬದುಕಬೇಕು. ಯಾವ ಊರಲ್ಲಿ ಯಾವ ಮನೆ, ಅವರು ಏನು ಉಣ್ಣುತ್ತಾರೆ, ಬಾಗಿಲಿಗೆ ಬಂದವನನ್ನು ಹೇಗೆ ಕಾಣುತ್ತಾರೆ ಎಂಬುದು ಅವನ ಹೊಟ್ಟೆಯ ಪ್ರಶ್ನೆ. ತಂಡಕ್ಕೆ ಆ ಹಂಗಿಲ್ಲ. ಇಲ್ಲಿ ನಿಗಮದ ಊಟ. ಟಿಬೆಟಿನ ಕಡೆ ಹೊತ್ತೊಯ್ದ ಅಕ್ಕಿ ಬೇಳೆಯಲ್ಲಿ ತಮ್ಮದೇ ಅಡುಗೆ. ಯಾರ ಮನೆಯ ಅನ್ನ ಉಣ್ಣುತ್ತೇವೋ ಅವರ ಹೆಸರು ಬರವಣಿಗೆಗೆ ಬರುತ್ತದೆ. ತನ್ನ ಬುತ್ತಿ ತಾನೇ ಹೊತ್ತವನ ಪುಸ್ತಕದಲ್ಲಿ ಬುತ್ತಿಯ ವರ್ಣನೆಯೇ ಹೆಚ್ಚು.

ನಮ್ಮ ತೆಲುಗು ಸೀಮೆಯವರೇ ಒಬ್ಬರಿದ್ದಾರೆ, ಗೋದಾವರಿ ಕಡೆಯ ಸ್ವಾಮಿ ಪ್ರಣವಾನಂದರು. ಕೈಲಾಸ, ಮಾನಸಗಳ ಪ್ರದಕ್ಷಿಣೆಯನ್ನು ಮತ್ತೆ ಮತ್ತೆ ಮಾಡಿದವರು. 1936-37ರ ಚಳಿಗಾಲವನ್ನು ಮಾನಸದ ದಂಡೆಯ ತುಗೊಲ್ಹೋ ಗೊಂಪಾದಲ್ಲೇ ಕಳೆದು, ಸರೋವರ ಹೆಪ್ಪುಗಟ್ಟುವುದನ್ನೂ ಒಡೆಯುವುದನ್ನೂ ದಿನಚರಿಯಂತೆ ಗುರುತು ಹಾಕಿದರು. 1949ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ ‘ಕೈಲಾಸ್-ಮಾನಸರೋವರ್’ಗೆ ನೆಹರೂ ಮುನ್ನುಡಿ ಬರೆದಿದ್ದಾರೆ. ಸಾಹಿತ್ಯವೆಂದು ಓದಿದರೆ ಅದು ಒಣ ಪುಸ್ತಕ, ಒಪ್ಪುತ್ತೇನೆ. ಭೂಪಟ, ಕೋಷ್ಟಕ, ಹಾದಿಯ ವಿವರ. ಆದರೆ ಒಂದೊಂದು ಗೊಂಪಾವನ್ನೂ ಹೆಸರಿಡಿದು ವಿವರಿಸಿದ ಆ ಪುಟಗಳು, ಗೊಂಪಾಗಳೇ ಬಿದ್ದುಹೋದ ಮೇಲೆ ಬೇರೊಂದು ಬೆಲೆ ಪಡೆದವು. ಭಕ್ತಿ ಇದ್ದವರಿಗೆ ಎಣಿಕೆ ಬೇಡ ಎನ್ನುವವರು ಈ ಸಂನ್ಯಾಸಿಯನ್ನು ನೋಡಬೇಕು.

‘ಯಾತ್ರಿಕ ಸಂಶೋಧಕನಲ್ಲ, ಅವನನ್ನು ಅವನ ಪಾಡಿಗೆ ಬಿಡಿ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ. ಅರವತ್ತು ದಾಟಿದವರು ಮೊಣಕಾಲು ನೋವು ನುಂಗಿಕೊಂಡು 18 ಸಾವಿರ ಅಡಿ ದಾಟುವ ಡೋಲ್ಮಾ ಕಣಿವೆಯ ಅಧ್ಯಾಯಗಳಲ್ಲಿ ಕನ್ನಡ ಗದ್ಯ ತಾನಾಗಿ ನೆಟ್ಟಗಾಗುತ್ತದೆ. ಉಸಿರು ಸಾಲದವರಿಗೆ ಅಲಂಕಾರ ಹೊಳೆಯುವುದಿಲ್ಲ. ಆ ಪುಟಗಳನ್ನು ನಾನು ಎರಡೆರಡು ಸಲ ಓದಿದ್ದೇನೆ. ಆದರೆ ಆ ಹೊತ್ತಿಗೆ ರಟ್ಟೆ ಹಿಡಿದು ನಡೆಸಿದವನು, ಕುದುರೆಯ ಲಗಾಮು ಹಿಡಿದವನು ಎಲ್ಲಿಯವನು, ಅವನ ತಾಯಿಮಾತು ಯಾವುದು ಎಂದು ಕೇಳಲು ಸಂಶೋಧಕರೇ ಆಗಬೇಕಿಲ್ಲ.

1998ರ ಆಗಸ್ಟಿನಲ್ಲಿ ಇದೇ ಹಾದಿಯ ಮಾಲ್ಪಾ ಎಂಬಲ್ಲಿ ರಾತ್ರಿ ಗುಡ್ಡ ಕುಸಿಯಿತು. ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ ಯಾತ್ರಿಕರು ಸುಮಾರು 60. ಹೆಸರಘಟ್ಟದ ನೃತ್ಯಗ್ರಾಮವನ್ನು ಕಟ್ಟಿದ ಪ್ರತಿಮಾ ಬೇಡಿ ಆ ತಂಡದಲ್ಲಿದ್ದರು. ಕರ್ನಾಟಕ ಅವರಿಗಾಗಿ ದುಃಖಿಸಿತು, ದುಃಖಿಸಬೇಕಾದದ್ದೇ. ಉಳಿದವರಲ್ಲಿ ಹೊರೆಯಾಳುಗಳು, ಕುದುರೆಯವರು, ಅಲ್ಲಿನ ಹಳ್ಳಿಗರು ಎಷ್ಟೋ ಮಂದಿ. ಮಾಲ್ಪಾದ ನಂತರದ ಕನ್ನಡ ಕಥನಗಳು ಆ ಜಾಗ ದಾಟುವಾಗ ಒಂದು ನಿಮಿಷ ಮೌನ ಆಚರಿಸುತ್ತವೆ, ಪ್ರತಿಮಾ ಹೆಸರು ಹೇಳುತ್ತವೆ, ಮುಂದೆ ಹೋಗುತ್ತವೆ.

ದೂರದ ಗೊಂಪಾ ಹೋಗಲಿ, ಹತ್ತಿರದ್ದನ್ನಾದರೂ ನೋಡಿದ್ದೇವೆಯೇ? ಕಾಸರಗೋಡಿನ ಮನೆಗಳವರು ಮಂಗಳೂರಿನ ಕದ್ರಿಗೆ ಹೋಗದ ವರ್ಷವಿರಲಾರದು. ಅಲ್ಲಿನ ಕಂಚಿನ ಲೋಕೇಶ್ವರನನ್ನು ಆಳುಪ ರಾಜ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ. ಪೀಠದ ಶಾಸನ ಆ ಸ್ಥಳವನ್ನು ಕದರಿಕಾ ವಿಹಾರ ಎನ್ನುತ್ತದೆ. ಬೌದ್ಧರು ಹೋಗಿ ನಾಥಜೋಗಿಗಳು ಬಂದು, ಮಂಜುನಾಥ ನಿಂತು, ಎಲ್ಲ ಒಂದೇ ಗುಡ್ಡದಲ್ಲಿ ಪದರಪದರವಾಗಿ ಉಳಿದಿದೆ. ನಮ್ಮ ಕಡೆಯೂ ಹಾಗೆಯೇ. ಪತ್ತಿಕೊಂಡದ ಆಸುಪಾಸಿನಲ್ಲಿ ರಾಜುಲ ಮಂದಗಿರಿ, ಜೊನ್ನಗಿರಿ ಬಳಿಯ ಎರ್ರಗುಡಿ. ಸಿರುಗುಪ್ಪ ತಾಲೂಕಿನಲ್ಲಿ ನಿಟ್ಟೂರು, ಉದೆಗೊಳಂ. ಎಲ್ಲವೂ ಅಶೋಕನ ಶಾಸನದ ಬಂಡೆಗಳು. ಎರಡು ಆಂಧ್ರದಲ್ಲಿ, ಎರಡು ಕರ್ನಾಟಕದಲ್ಲಿ. ಕೆತ್ತಿದಾಗ ಆ ಗೆರೆ ಇರಲಿಲ್ಲ. 1929ರಲ್ಲಿ ಬೆಳಕಿಗೆ ಬಂದ ಎರ್ರಗುಡಿಯಲ್ಲಿ ಹದಿನಾಲ್ಕು ದೊಡ್ಡ ಶಾಸನಗಳೂ ಇವೆ, ಕಿರುಶಾಸನಗಳೂ ಇವೆ. ಅದರ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ಹೊಲ ಉಳುವ ಎತ್ತು ತಿರುಗಿದಂತೆ ಹೋಗುತ್ತವೆ. ಅಲ್ಲಿಗೆ ಚೀಟಿ ಎತ್ತಬೇಕಿಲ್ಲ, ರಕ್ತದೊತ್ತಡ ನೋಡಿಸಬೇಕಿಲ್ಲ. ಕೈಲಾಸಕ್ಕೆ ಹೋಗಿಬಂದ ನಮ್ಮ ಕಡೆಯ ಹಿರಿಯರೊಬ್ಬರನ್ನು ಎರ್ರಗುಡಿ ನೋಡಿದ್ದೀರಾ ಎಂದು ಕೇಳಿದೆ. ‘ಅಲ್ಲೇನೈತಿ, ಬರೀ ಕಲ್ಲು’ ಎಂದರು. ಕೈಲಾಸದಲ್ಲಿ ಏನಿತ್ತೆಂದು ನಾನು ತಿರುಗಿ ಕೇಳಲಿಲ್ಲ, ವಯಸ್ಸಾದವರು.

ಈಗ ಹಾದಿಯೂ ಬದಲಾಗಿದೆ. 2015ರಲ್ಲಿ ಸಿಕ್ಕಿಮಿನ ನಾಥುಲಾದಿಂದ ಬಸ್ಸಿನ ಮಾರ್ಗ ತೆರೆಯಿತು. 2020ರ ಮೇ ತಿಂಗಳಲ್ಲಿ ಲಿಪುಲೇಖದ ಕಡೆಗೆ ಮೋಟಾರು ರಸ್ತೆಯ ಉದ್ಘಾಟನೆಯಾಯಿತು. ಆ ನೆಲ ತನ್ನದೆಂದು ನೇಪಾಳ ತಕರಾರು ಎತ್ತಿ ಹೊಸ ಭೂಪಟ ಹೊರಡಿಸಿತು. ಅದೇ ವರ್ಷ ನಿಂತ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಶುರುವಾಗಿದೆ. ವಾರಗಟ್ಟಲೆ ನಡೆಯುತ್ತಿದ್ದ ದಾರಿಯನ್ನು ವಾಹನ ಗಂಟೆಗಳಲ್ಲಿ ಮುಗಿಸುತ್ತದೆ. ನಡೆದುಹೋದವರ ಪುಸ್ತಕದಲ್ಲೇ ಸಿಗದ ಗರ್ಬ್ಯಾಂಗ್ ಇನ್ನು ಮುಂದೆ ಕಿಟಕಿಯಾಚೆಯ ಒಂದು ತಿರುವು.

ಆದರೂ ಲಿಪುಲೇಖದ ಹಾದಿಯ ತಂಡಗಳು ಧಾರ್ಚುಲಾದಲ್ಲಿ ನಿಲ್ಲುತ್ತವೆ. ಆ ಪೇಟೆಯ ಕೆಳಗೆ ಕಾಳೀ ನದಿ. ಆಚೆ ದಡದಲ್ಲಿ ಅದೇ ಹೆಸರಿನ ನೇಪಾಳದ ಪೇಟೆ. ನಡುವೆ ಒಂದು ತೂಗುಸೇತುವೆ. ರಂಗ್ ಜನ ಅದರ ಮೇಲೆ ಮದುವೆಗೆ, ಸಾವಿಗೆ, ಸಾಮಾನಿಗೆ ಓಡಾಡುತ್ತಾರೆ. ನಾನು ಓದಿದ ಒಂದೆರಡು ಪುಸ್ತಕಗಳಲ್ಲಿ ಆ ಸೇತುವೆಯ ಚಿತ್ರವೂ ಇದೆ. ಚಿತ್ರದ ಕೆಳಗೆ ಬರೆದಿರುವುದು: ಧಾರ್ಚುಲಾ, ಎತ್ತರ ಸುಮಾರು 3000 ಅಡಿ.