ಪ್ಲೇಟಿನ ಸದ್ದು, ಪೆಟ್ಟಿಗೆಯ ಸದ್ದು

ಗೌಹರ್ ಜಾನ್ ಹಾಡು ಕೇಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ಹೊತ್ತಿದೆ. ರಾತ್ರಿ ಊಟ ಮುಗಿದು, ಪಾತ್ರೆಗಳ ಸದ್ದಡಗಿ, ಬೀದಿಯ ಕೊನೆಯ ಸ್ಕೂಟರೂ ಗೇಟಿನೊಳಗೆ ಸೇರಿದ ಮೇಲೆ. ಮೇಜಿನ ಮೇಲೆ ಹಳೆಯ ಕಂಪ್ಯೂಟರು, ಅದರ ಎಡಬಲಕ್ಕೆ ಮರದ ಮೈಯ ಎರಡು ಸ್ಪೀಕರು. 1902ರಲ್ಲಿ ಕಲ್ಕತ್ತೆಯಲ್ಲಿ ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಆಕೆ ಹಾಡಿದ ದನಿ ಅವುಗಳಿಂದ ಹೊರಡುತ್ತದೆ. ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತು ಆಕೆ ನಮ್ಮ ಮೈಸೂರಿಗೇ ಬಂದರು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಹಾಗಾಗಿ ಆ ದನಿ ಈ ಊರಿನ ರಾತ್ರಿಯಲ್ಲಿ ಕೇಳಿದಾಗ ಮನೆಗೆ ಮರಳಿದ ಹಾಗೆ ನನಗನ್ನಿಸುತ್ತದೆ.

ಕಳೆದ ಬೇಸಿಗೆಯ ಒಂದು ರಾತ್ರಿ ಹಾಡು ನಡೆಯುತ್ತಿದ್ದಾಗ ಅಮ್ಮ ಒಳಗಿನಿಂದ ಕೂಗಿ ಕೇಳಿದರು: “ಏನೋ ಅದು, ಸಾಸಿವೆ ಸಿಡಿದ ಹಾಗೆ?”

“ಹಳೇ ಪ್ಲೇಟಮ್ಮ. ಹಾಗೇ ಇರುತ್ತೆ.”

“ಹಳೇ ಪ್ಲೇಟು ಹೀಗೆ ಸಿಡಿಯಲ್ಲ ಕಣೋ. ತಾತನ ಮನೇಲಿ ಎಷ್ಟು ಕೇಳಿಲ್ಲ ನಾನು!”

ಅಮ್ಮನ ಕಿವಿಯ ಮೇಲೆ ನನಗೆ ನಂಬಿಕೆಯಿದೆ. ಕುಕ್ಕರಿನ ಕೂಗಿನಲ್ಲೇ ನೀರು ಕಡಮೆಯಾಗಿದ್ದನ್ನು ಹೇಳಬಲ್ಲವರು. ಹಾಡನ್ನು ಮೊದಲಿನಿಂದ ಹಾಕಿ, ಕಣ್ಣು ಮುಚ್ಚಿ, ದನಿಯನ್ನು ಬದಿಗೆ ಸರಿಸಿ, ಬರೀ ಸದ್ದಿಗೆ ಕಿವಿಗೊಟ್ಟೆ. ನಿಜ, ಅಲ್ಲಿ ಒಂದಲ್ಲ, ನಾಲ್ಕೈದು ಬಗೆಯ ಸದ್ದುಗಳಿದ್ದವು. ತಳದಲ್ಲಿ ಗುಂಯ್ ಎನ್ನುವ ಒಂದು ಮೊರೆತ. ಅದರ ಮೇಲೆ ಸುಂಯ್ ಎನ್ನುವ ತೆಳುವಾದ ಪೊರೆ. ನಡುನಡುವೆ ಪಟ್, ಪಟ್. ವಾಲ್ಯೂಮಿನ ತಿರುಗಣೆ ಮುಟ್ಟಿದರೆ ಕರಕರ. ಮತ್ತೆ ಇವೆಲ್ಲದರ ಜೊತೆಗೆ ಮಳೆಹನಿ ತರಗೆಲೆಯ ಮೇಲೆ ಬಿದ್ದಂತೆ ಸಣ್ಣದೊಂದು ಚಟಪಟ. ಸದ್ದಿಗೆ ಸದ್ದನ್ನೇ ಹೆಸರಾಗಿಡುವ ಈ ಗುಣ ನಮ್ಮ ಭಾಷೆಯ ಸಿರಿ. ವ್ಯಾಕರಣ ಇವನ್ನು ಅನುಕರಣಾವ್ಯಯ ಎಂದು ಒಂದು ಮೂಲೆಗೆ ಹಾಕುತ್ತದೆ. ಆ ರಾತ್ರಿ ಮಾತ್ರ ನನ್ನ ಕೈಯಲ್ಲಿದ್ದ ಸಲಕರಣೆ ಅವೇ. ಹೆಸರು ಬೇರೆಯಾದ ಕಡೆಯಲ್ಲೆಲ್ಲ ಕಾರಣವೂ ಬೇರೆಯಿತ್ತು.

ಚಟಪಟದಿಂದಲೇ ಶುರು ಮಾಡಿದೆ. ಒಂದು ತಾನದ ತುದಿಯಲ್ಲಿ ಮೂರು ಕಿಡಿ ಸಿಡಿದಂತೆ ಕೇಳಿತ್ತು. ಅದೇ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಕೇಳಿದೆ, ಅವೇ ಮೂರು ಕಿಡಿ, ಅದೇ ಜಾಗ. ಹತ್ತು ಸಲ ಹಾಕಿದರೂ ಅಲ್ಲೇ. ಅಂದಮೇಲೆ ಅದು ಪ್ಲೇಟಿನದು. ಆದರೆ ಆ ದೊಡ್ಡ ‘ಪಟ್’ ಒಮ್ಮೆ ಸ್ಥಾಯಿಯಲ್ಲಿ, ಒಮ್ಮೆ ಅಂತರೆಯಲ್ಲಿ, ಒಮ್ಮೆ ಸಾರಂಗಿಯ ಮೇಲೆ. ಅದಕ್ಕೆ ಮನೆಯಿಲ್ಲ. ಅದು ಪೆಟ್ಟಿಗೆಯದು. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಖಚಿತವಾದ ಉತ್ತರ ಕೊಟ್ಟಾಗ ಆದ ಸಂತೋಷ ಒಂದು ರಾಗವನ್ನು ಗುರುತು ಹಿಡಿದ ಸಂತೋಷಕ್ಕೆ ಕಡಮೆಯದಲ್ಲ.

ಪ್ಲೇಟಿನ ಸದ್ದಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಆ ಕಾಲದ ಪ್ಲೇಟು ಅರಗಿನದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುತ್ತದಲ್ಲ, ಆ ಅರಗೇ. ಅದಕ್ಕೆ ಕಲ್ಲಿನ ಹುಡಿ ಬೆರೆಸಿ ಅಚ್ಚೊತ್ತುತ್ತಿದ್ದರು. ಗ್ರಾಮಫೋನಿನ ಉಕ್ಕಿನ ಮುಳ್ಳು ಗೀರಿನಲ್ಲಿ ಓಡುತ್ತಾ ತಾನೇ ಸವೆದು ಗೀರಿಗೆ ಹೊಂದಿಕೊಳ್ಳಲಿ ಎಂದೇ ಆ ಹುಡಿ. ಹಾಗಾಗಿ ಒಂದೊಂದು ಮುಖಕ್ಕೂ ಹೊಸ ಮುಳ್ಳು. ಅಂದರೆ ನಾವು ಕೇಳುವ ಆ ಚಟಪಟದಲ್ಲಿ ಅರ್ಧ ಕಲ್ಲಿನ ಸದ್ದು, ಉಕ್ಕನ್ನು ಕಲ್ಲು ತಿನ್ನುವ ಸದ್ದು. ಪ್ಲೇಟಿಗೆ ಅಡ್ಡಲಾಗಿ ಗೀಚು ಬಿದ್ದಿದ್ದರೆ ಅದಕ್ಕೊಂದು ಲಯವೂ ಬರುತ್ತದೆ. ನಿಮಿಷಕ್ಕೆ 78 ಸುತ್ತು ಎಂದರೆ ಸುತ್ತಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟಷ್ಟು ಹೊತ್ತಿಗೊಮ್ಮೆ ಟಿಕ್, ಟಿಕ್. ಹಾಡಿನ ತಾಳ ಒಂದು, ಪ್ಲೇಟಿನ ತಾಳ ಇನ್ನೊಂದು. ಎರಡೂ ಎಲ್ಲೋ ಒಂದು ಕಡೆ ಸಮಕ್ಕೆ ಕೂಡಿ ಮತ್ತೆ ಅಗಲುವುದನ್ನು ಕೇಳಿಸಿಕೊಂಡರೆ ಬಿಡಲಾಗದ ರುಚಿ ಅದು. ಈ ಸದ್ದನ್ನೆಲ್ಲ ಸಾಫ್ಟ್‌ವೇರಿನಿಂದ ತೊಳೆದ ಪ್ರತಿಗಳೂ ಸಿಗುತ್ತವೆ. ನನಗೆ ಅವು ಬೇಡ. ಅತಿಯಾಗಿ ತೊಳೆದಾಗ ಕಿಡಿಯ ಜೊತೆ ವ್ಯಂಜನಗಳ ಮೊನೆಯೂ ಹೋಗಿ, ದನಿ ನೀರಿನೊಳಗಿನಿಂದ ಬಂದಂತಾಗುತ್ತದೆ.

ಇನ್ನು ಗುಂಯ್. ಇದು ಗೌಹರ್ ಜಾನ್ ಪ್ಲೇಟಿನದಾಗಿರಲು ಸಾಧ್ಯವೇ ಇಲ್ಲ, ಅದಕ್ಕೆ ಚರಿತ್ರೆಯೇ ಸಾಕ್ಷಿ. 1902ರ ಧ್ವನಿಮುದ್ರಣದಲ್ಲಿ ಮೈಕಿಲ್ಲ, ಕರೆಂಟಿಲ್ಲ. ಕೊಂಬಿನೊಳಗೆ ಕೂಗಿದ ಉಸಿರಿನ ಬಲವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೀರೆಳೆಯುತ್ತಿತ್ತು. ವಿದ್ಯುತ್ತಿನಿಂದ ಮುದ್ರಿಸುವ ಕ್ರಮ ಬಂದಿದ್ದು 1925ರಲ್ಲಿ. ಹಾಡು ನಿಲ್ಲಿಸಿದರೂ ಮೊರೆತ ನಿಲ್ಲಲಿಲ್ಲವೆಂಬುದು ಎರಡನೆಯ ಸಾಕ್ಷಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುತ್ತದೆ, ಸ್ಪೀಕರು ಅದನ್ನೇ ಹಾಡುತ್ತಿತ್ತು. ಶ್ರುತಿಪೆಟ್ಟಿಗೆ ತೆಗೆದು ಹೊಂದಿಸಿ ನೋಡಿದೆ. ಹೆಣ್ಣುಮಕ್ಕಳು ಹಾಡುವ ಐದು ಮನೆಯ ಷಡ್ಜವನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ ಸಿಗುವ ಸ್ವರಕ್ಕಿಂತ ಒಂದೆಳೆ ಮೇಲೆ. ಇಡೀ ನಾಡಿನ ಗೋಡೆಗಳೊಳಗೆ ಹಗಲೂ ರಾತ್ರಿ ಮೀಟುತ್ತಿರುವ ತಂಬೂರಿ ಅದು, ತುಸು ಶ್ರುತಿ ತಪ್ಪಿದ ತಂಬೂರಿ. ಸೊಗಸಾದ ವಿಚಾರವೇ. ಆದರೆ ಗೌಹರ್ ಜಾನ್ ಕೆಳಗೆ ಅದು ಬೇಡ.

ಮೊರೆತದ ಮೂಲ ಹುಡುಕುತ್ತಾ ಕಂಪ್ಯೂಟರ್ ಕ್ಯಾಬಿನೆಟ್ಟಿನ ಲೋಹದ ಮೈಗೆ ಬೆರಳಿನ ಹಿಂಬದಿ ಸವರಿದಾಗ ಜುಮ್ಮೆಂದಿತು. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಸಣ್ಣ ಕೆಪಾಸಿಟರುಗಳಿವೆ. ಅವು ಒಳಗಿನ ಗದ್ದಲವನ್ನು ಸೋಸಿ ಪೆಟ್ಟಿಗೆಯ ಮೈಗೆ ದಾಟಿಸುತ್ತವೆ, ಅಲ್ಲಿಂದ ಅದನ್ನು ನೆಲಕ್ಕೆ ಒಯ್ಯುವುದು ಅರ್ತಿಂಗಿನ ಕೆಲಸ. ಅರ್ತಿಂಗ್ ಸೋತರೆ ಅದು ಮೈಯಲ್ಲೇ ನಿಂತು, ದಾರಿ ಹುಡುಕಿ, ಸ್ಪೀಕರಿನ ತಂತಿಯ ಹೊರಹೆಣಿಗೆಯಲ್ಲಿ ನುಗ್ಗುತ್ತದೆ. ಎಲೆಕ್ಟ್ರಿಷಿಯನ್ ಬಂದವರು ಮನೆಯೊಳಗೆ ಕಾಲಿಡದೆ ನೇರ ಕಾಂಪೌಂಡಿನ ಮೂಲೆಗೆ ಹೋದರು. ಸಂಪಿನ ಪಕ್ಕ, ದಾಸವಾಳದ ಗಿಡದ ಬುಡದಲ್ಲಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ ಕೊಳವೆ ಹೂತ ಅರ್ತಿಂಗ್ ಗುಂಡಿ. ಇದ್ದಿಲು ಪಸೆ ಹಿಡಿದಿಡುತ್ತದೆ, ಉಪ್ಪು ಆ ಪಸೆಯಲ್ಲಿ ಕರೆಂಟಿಗೆ ದಾರಿ ಮಾಡುತ್ತದೆ. ಬೇಸಿಗೆಗೆ ಗುಂಡಿ ಬಿರಿದು ಒಣಗಿತ್ತು, ತಂತಿ ಬಿಗಿದ ನಟ್ಟು ತುಕ್ಕು ಹಿಡಿದಿತ್ತು. ನಟ್ಟು ಉಜ್ಜಿ ಬಿಗಿದು, “ಎರಡು ಬಿಂದಿಗೆ ನೀರು ಹಾಕಿ ಸಾರ್, ಗಿಡಕ್ಕೆ ಹಾಕ್ತೀರಲ್ಲ, ಹಾಗೇ” ಅಂದರು. ನೀರು ಹಾಕಿ ಒಳಗೆ ಬಂದೆ. ಮೊರೆತ ಇಳಿದಿತ್ತು, ಜುಮ್ಮೆನ್ನುವುದೂ ಹೋಗಿತ್ತು. ಹಾಡಿನ ಕೆಳಗೆ ಮೊದಲ ಸಲ ಒಂದು ಖಾಲಿ ಜಾಗ ಕೇಳಿಸಿತು. ನೆಲಕ್ಕೆ ನೀರುಣಿಸಿ ದನಿಯನ್ನು ತಿಳಿಗೊಳಿಸಬಹುದು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಮೊರೆತ ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕತ್ತರಿಸುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಆ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಒಳಹೋಗುವಾಗ ಮೊದಲು ತಾಗಲಿ, ಹೊರಬರುವಾಗ ಕೊನೆಗೆ ಬಿಡಲಿ ಎಂದು. ಅದು ಜೀವ ಕಾಯುವ ಪಿನ್ನು.

ಕರಕರದ ಕತೆ ಚಿಕ್ಕದು. ತಿರುಗಣೆಯ ಒಳಗೆ ಇಂಗಾಲದ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಗೆ ಜಾರುತ್ತದೆ, ನಡುವೆ ಧೂಳು ಕೂತರೆ ತಡವರಿಸುತ್ತದೆ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದೆ, ಅಷ್ಟೇ. ಸ್ಪೀಕರಿನಿಂದ ಬಂದು ಕಂಪ್ಯೂಟರಿನ ಹಸಿರು ತೂತಿಗೆ ಹೋಗುವ ಪಿನ್ನನ್ನೂ ಒರೆಸಿದೆ. ಆ ಪಿನ್ನಿನ ವಂಶ ಟೆಲಿಫೋನ್ ಎಕ್ಸ್‌ಚೇಂಜುಗಳದು. ಹತ್ತೊಂಬತ್ತನೆಯ ಶತಮಾನದಲ್ಲಿ ಆಪರೇಟರುಗಳು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಚುಚ್ಚಿ ಕೂಡಿಸುತ್ತಿದ್ದ ದಪ್ಪ ಪಿನ್ನೇ ಸಣ್ಣದಾಗುತ್ತಾ ನಮ್ಮ ಮೇಜಿಗೆ ಬಂದಿದೆ.

ಮೌಸ್ ಸರಿಸಿದಾಗ ಕೇಳುತ್ತಿದ್ದ ಒಂದು ಝೀಂಕಾರವನ್ನು ಮಾತ್ರ ಕಳೆಯಲು ನನಗೆ ಮನಸ್ಸೇ ಬರಲಿಲ್ಲ. ಪುಟ ಮೇಲಕ್ಕೆ ಸರಿದರೆ ಒಂದು ಬಗೆ, ಕೆಳಕ್ಕೆ ಸರಿದರೆ ಇನ್ನೊಂದು. ಮದರ್‌ಬೋರ್ಡಿನ ಮೇಲೆ ಪ್ರೊಸೆಸರು ಒಂದು ಗುಟುಕು ಹೆಚ್ಚು, ಒಂದು ಗುಟುಕು ಕಡಮೆ ಕರೆಂಟು ಕುಡಿಯುತ್ತಿರುತ್ತದೆ. ಅದೇ ಹಲಗೆಯ ಮೇಲಿನ ಸೌಂಡ್ ಚಿಪ್ಪಿಗೆ ಆ ಗುಟುಕು ಕೇಳಿಸುತ್ತದೆ. ಯಂತ್ರ ಯೋಚಿಸುವ ಸದ್ದು ಅದು. ಎರಡು ದಿನ ಬರೀ ಅದನ್ನೇ ಕೇಳುತ್ತಾ ಕೂತಿದ್ದೆ. ಆಮೇಲೆ, ಸ್ಪೀಕರಿನ ಪಿನ್ನನ್ನು ಪೆಟ್ಟಿಗೆಯ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಚುಚ್ಚಿದೆ. ಮುಂದಿನದಕ್ಕೆ ಹೋಗುವ ತಂತಿ ಗದ್ದಲದ ನಡುವೆಯೇ ಹಾದು ಬರುತ್ತದೆ, ಹಿಂದಿನದಕ್ಕೆ ಆ ಪಾಡಿಲ್ಲ. ಝೀಂಕಾರ ಬಹುಮಟ್ಟಿಗೆ ಅಡಗಿತು. ಅದೂ ಸಾಲದವರು ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡ್ ತಂದು ದನಿಯನ್ನು ಪೆಟ್ಟಿಗೆಯಿಂದ ಹೊರಗೇ ತಯಾರಿಸಿಕೊಳ್ಳಬಹುದು.

ಉಳಿದದ್ದು ‘ಪಟ್’. ಅಮ್ಮ ಕೇಳಿದ ಸಾಸಿವೆ.

ಅಜ್ಜಿ ರಾಗಿ ಬೀಸುತ್ತಿದ್ದುದು ಇಲ್ಲಿ ನೆನಪಾಯಿತು. ಬಲಗೈ ಗೂಟ ಹಿಡಿದು ಕಲ್ಲು ತಿರುಗಿಸುತ್ತದೆ, ಎಡಗೈ ಹಿಡಿ ಹಿಡಿಯಾಗಿ ಕಾಳು ಸುರಿಯುತ್ತದೆ, ಬಾಯಿ ಪದ ಹಾಡುತ್ತದೆ. ಕಾಳು ತಡವಾದರೆ ಕಲ್ಲಿಗೆ ಕಲ್ಲು ತಾಗಿ ಕಿರ್ ಎನ್ನುತ್ತದೆ. ಕಂಪ್ಯೂಟರಿನಲ್ಲೂ ಹೀಗೆಯೇ. ಸೌಂಡ್ ಚಿಪ್ಪು ನಿಲ್ಲದ ಕಲ್ಲು, ಸೆಕೆಂಡಿಗೆ 48,000 ಕಾಳು ಬೇಕು ಅದಕ್ಕೆ. ಪ್ರೊಸೆಸರು ಒಂದು ಹಿಡಿಗೆ 256 ಕಾಳು ಸುರಿಯುತ್ತದೆ ಎಂದಿಟ್ಟುಕೊಂಡರೆ ಆ ಹಿಡಿ ಐದು ಮಿಲಿಸೆಕೆಂಡಿಗೆ ತೀರಿಹೋಗುತ್ತದೆ. ಅಷ್ಟರಲ್ಲಿ ಬೇರೆ ಯಾರೋ ಕರೆದು ಕೈ ತಡವಾದರೆ ಅಲೆ ಅರ್ಧದಲ್ಲೇ ಮುರಿಯುತ್ತದೆ. ಮುರಿದ ಅಂಚಿನಲ್ಲಿ ತಗ್ಗಿನಿಂದ ತಾರದವರೆಗಿನ ಎಲ್ಲ ಕಂಪನಗಳೂ ಒಟ್ಟಿಗೆ ಇರುತ್ತವೆ, ಅದಕ್ಕೇ ಅದು ಸ್ವರವಾಗದೆ ‘ಪಟ್’ ಆಗುತ್ತದೆ.

ಯಾರು ಕರೆಯುತ್ತಿದ್ದರು? ಲೇಟೆನ್ಸಿಮಾನ್ ಎಂಬ ತಂತ್ರಾಂಶ ಕಂಪ್ಯೂಟರಿನೊಳಗಿನ ಒಂದೊಂದು ಡ್ರೈವರು ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತೆಂದು ಎಣಿಸಿ ತೋರಿಸುತ್ತದೆ. ಪಟ್ಟಿಯ ತಲೆಯಲ್ಲಿ ವೈಫೈ ಡ್ರೈವರು ಕೂತಿತ್ತು. ವೈಫೈ ಆರಿಸಿ ಹಾಡು ಹಾಕಿದೆ, ಒಂದೂ ‘ಪಟ್’ ಇಲ್ಲ. ಮತ್ತೆ ಹಚ್ಚಿದೆ, ಸಾಸಿವೆ ಸಿಡಿಯಿತು. ಡ್ರೈವರಿನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ವೈಫೈ ಇದ್ದರೂ ಹಾಡು ಹರಿಯಿತು. ದನಿಯ ದೋಷ ಹುಡುಕಿ ಹೊರಟವನಿಗೆ ಕೊನೆಯ ಉತ್ತರ ದನಿಗೆ ಸಂಬಂಧವೇ ಇಲ್ಲದ ಕಡೆ ಸಿಕ್ಕಿತು. ಸ್ಪೀಕರು ಬದಲಿಸಲು ಅವಸರಪಡುವವರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಈಗ ಉಳಿದಿದ್ದು ಸುಂಯ್ ಒಂದೇ. ಅದನ್ನು ಪೂರ್ತಿ ಕಳೆಯಲು ಯಾರಿಂದಲೂ ಆಗದು. ತಂತಿಯೊಳಗಿನ ಎಲೆಕ್ಟ್ರಾನುಗಳು ಬಿಸಿಗೆ ಮಿಸುಕಾಡುವ ಸದ್ದು ಅದರಲ್ಲಿದೆ. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ಸನ್ ಅದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಅದರ ಲೆಕ್ಕ ಬರೆದರು. ಎಲ್ಲ ಕಂಪನಗಳೂ ಸಮನಾಗಿ ಬೆರೆತ ಇಂಥ ಸದ್ದನ್ನು ಎಂಜಿನಿಯರುಗಳು, ಎಲ್ಲ ಬಣ್ಣ ಬೆರೆತ ಬೆಳಕಿನ ಹೋಲಿಕೆಯಿಂದ, ಬಿಳಿ ಸದ್ದು ಎನ್ನುತ್ತಾರೆ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ, ನಾಭಿಯಿಂದ ಕಹಳೆಯ ಹಾಗೆ ಹೊರಡುವ ಶಬ್ದದ್ರವ್ಯದ ಬಣ್ಣ ಬಿಳಿ ಎಂದಿದ್ದಾನೆ. ಅವನು ಹೇಳಿದ್ದು ಬೇರೆಯ ಅರ್ಥದಲ್ಲಿ, ಬೇರೆಯ ದರ್ಶನದಿಂದ. ಆದರೂ ರಾತ್ರಿ ಹನ್ನೊಂದರ ನಿಶ್ಶಬ್ದದಲ್ಲಿ ಸ್ಪೀಕರಿಗೆ ಕಿವಿಯಿಟ್ಟು ಆ ತೆಳು ಪೊರೆಯನ್ನು ಕೇಳುವಾಗ ನನಗೆ ಆ ಬಿಳಿಯೇ ಕಾಣುತ್ತದೆ.

ಅದರ ಮೇಲೆ ಗೌಹರ್ ಜಾನ್ ಹಾಡಿದರು. ಆ ಕಾಲದ ಪ್ಲೇಟುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಲೆಂದು ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರುತ್ತಾರೆ. ಆ ಸಾರಿಕೆಯಲ್ಲಿ ಒಂದು ನಗು ಅಡಗಿದೆ. ಇಷ್ಟು ವರ್ಷ ಅದು ನನಗೆ ಕೇಳಿಸಿಯೇ ಇರಲಿಲ್ಲ.

“ಇನ್ನೂ ಚಟಪಟ ಅಂತಿದೆಯಲ್ಲೋ” ಅಮ್ಮ ಬಾಗಿಲಲ್ಲಿ ನಿಂತಿದ್ದರು.

“ಇದು ಪ್ಲೇಟಿನದಮ್ಮ.”

ಅಮ್ಮ ಒಂದು ಗಳಿಗೆ ಕಿವಿಗೊಟ್ಟರು. “ಹೂಂ. ಇದು ಪ್ಲೇಟಿಂದೇ” ಎಂದು ಕುರ್ಚಿ ಎಳೆದುಕೊಂಡು ಕೂತರು. “ಇನ್ನೊಂದ್ಸಲ ಹಾಕು.”